ಹಳೆಯ ರೈಲ್ವೆ ಗೇಟಿನ ಫಲಕ: ಬೋರ್ಡಿಗಿಂತ ಮೊದಲು ಕಂಬ ಓದಿ

ರಾಯಚೂರು, ಕೊಪ್ಪಳ ಕಡೆ ಸಿಕ್ಕ ಲೆವೆಲ್ ಕ್ರಾಸಿಂಗ್ ಫಲಕವನ್ನೆಲ್ಲ ‘ನಿಜಾಮರ ಕಾಲದ್ದು’ ಎಂದು ಮಾರುವುದು ರೂಢಿ. ಸೀಮೆ ನಿಜಾಮರದ್ದು ಹೌದು, ಹಳಿ ಅವರದ್ದಲ್ಲ. ಮುಂಬೈ ಕಡೆಯಿಂದ ರಾಯಚೂರಿಗೆ ಬಂದದ್ದು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ, ಎದುರಿನಿಂದ ಬಂದದ್ದು ಮದ್ರಾಸ್ ರೈಲ್ವೆ. ಎರಡೂ 1871ರಲ್ಲಿ ಇಲ್ಲೇ ಕೂಡಿದವು. ಕೊಪ್ಪಳದ ಮೀಟರ್ ಗೇಜ್ ದಾರಿ ಸದರ್ನ್ ಮರಾಠಾ ಕಂಪನಿಯದು. ನಿಜಾಮರ ರೈಲು ವಾಡಿಯಿಂದ ಸಿಕಂದರಾಬಾದಿನತ್ತ ಹೋಗುತ್ತಿತ್ತು. ಆದ್ದರಿಂದ ‘ಎನ್.ಎಸ್.ಆರ್.’ (ನಿಜಾಮ್ಸ್ ಸ್ಟೇಟ್ ರೈಲ್ವೆ) ಅಕ್ಷರದ ಎರಕದ ಫಲಕ ರಾಯಚೂರಿನ ಗುಜರಿಯಲ್ಲಿ ಕಂಡರೆ, ಅದು ಬೇರೆ ಕಡೆಯಿಂದ ಬಂದ ಮಾಲು ಎಂದೇ ನಾನು ಬರೆದುಕೊಳ್ಳುತ್ತೇನೆ. ‘ಎಂ. ಅಂಡ್ ಎಸ್.ಎಂ.ಆರ್.’ (ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ) ಎಂದಿದ್ದರೆ 1908ರಿಂದ 1951ರ ಏಪ್ರಿಲ್ ಒಳಗಿನದು. ಆಮೇಲೆ ಅದು ದಕ್ಷಿಣ ರೈಲ್ವೆ. ದಕ್ಷಿಣ ಮಧ್ಯ ಎಂದಿದ್ದರೆ 1966ರ ಅಕ್ಟೋಬರ್ ನಂತರದ್ದು, ನೈರುತ್ಯ ಎಂದಿದ್ದರೆ 2003ರ ಈಚಿನದು.

ಅಕ್ಷರ ಅಳಿಸಿಹೋದಾಗ ಕೈಹಿಡಿಯುವುದು ಕಂಬ. ಗೇಟಿನ ಬಳಿಯ ಹಳೆಯ ಕಂಬಗಳಲ್ಲಿ ಅನೇಕವು ಕಳಚಿದ ಹಳಿಯ ತುಂಡುಗಳು. ಹಳಿಯ ನಡುಪಟ್ಟಿಯ ಮೇಲೆ ತಯಾರಕರ ಹೆಸರು, ವರ್ಷ, ತೂಕದ ಗುರುತು ಉಬ್ಬಿರುತ್ತದೆ. ಬಣ್ಣ ಕೆರೆಯಬೇಡಿ. ತೆಳು ಕಾಗದ ಒತ್ತಿಹಿಡಿದು ಇದ್ದಿಲಿನ ಚೂರನ್ನು ಅಡ್ಡಡ್ಡ ಉಜ್ಜಿದರೆ ಅಕ್ಷರ ಮೂಡುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ, ಕಂಬಕ್ಕೆ ತಾಗಿದಂತೆ ಹಿಡಿದರೆ ಇನ್ನೂ ಚೆನ್ನ. ಗುರುತು ಸವೆದಿದ್ದರೆ ಹಳಿಯ ತಳದ ಅಗಲ ಅಳೆಯಿರಿ. 109.5 ಮಿ.ಮೀ. ಬಂದರೆ 60 ಪೌಂಡಿನ (ಗಜಕ್ಕೆ ಅಷ್ಟು ತೂಗುವ) ಹಳಿ, ನಮ್ಮ ಕಡೆ ಹೆಚ್ಚಾಗಿ ಮೀಟರ್ ಗೇಜಿನದು. 122 ಬಂದರೆ 75 ಪೌಂಡಿನದು, 136.5 ಬಂದರೆ 90 ಪೌಂಡಿನದು. ಮೀಟರಿಗೆ 52 ಕಿಲೋ ತೂಗುವ ಹಳಿಯ ತಳವೂ 136 ಇರುವುದರಿಂದ ಇಲ್ಲಿ ಎಡವುವವರು ಬಹಳ. ಎತ್ತರವನ್ನೂ ಅಳೆದರೆ ಗೊಂದಲ ತೀರುತ್ತದೆ: 90 ಪೌಂಡಿನದು 143, 52 ಕಿಲೋದ್ದು 156. ತಲೆ ಸವೆದು ಎರಡು ಮೂರು ಮಿ.ಮೀ. ಕಡಿಮೆ ಬರಬಹುದು, 13 ಕಡಿಮೆಯಾಗುವುದಿಲ್ಲ.

ಕಂಬದ ಮೇಲಿನ ವರ್ಷ ಕಾರ್ಖಾನೆಯಲ್ಲಿ ಹಳಿ ತಯಾರಾದ ವರ್ಷ. ಅದು ಮೊದಲು ಹಳಿಯಾಗಿ ದುಡಿದು ಆಮೇಲೆ ಕಂಬವಾದದ್ದು, ಹಾಗಾಗಿ ಫಲಕ ಅದಕ್ಕಿಂತ ಹಿಂದೆ ಅಲ್ಲಿ ನಿಂತಿರಲಾರದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಭಿಲಾಯಿ ಉಕ್ಕಿನ ಕಾರ್ಖಾನೆಯ ಗುರುತಿದ್ದರೆ 1960ರ ಹಿಂದೆ ಹೋಗುವ ಮಾತೇ ಇಲ್ಲ.

ಇನ್ನು ಬೋರ್ಡು. ರಸ್ತೆಯವರದ್ದೋ ರೈಲಿನವರದ್ದೋ ಎಂದು ಮೊದಲು ಬೇರ್ಪಡಿಸಿ. ಕೆಂಪು ಅಂಚಿನ ತ್ರಿಕೋನದಲ್ಲಿ ಬೇಲಿಯಂಥ ಗೇಟಿದ್ದರೆ ಕಾವಲಿರುವ ಕ್ರಾಸಿಂಗ್, ಉಗಿ ಎಂಜಿನ್ ಇದ್ದರೆ ಕಾವಲಿಲ್ಲದ್ದು. ಎಂಜಿನ್ ಚಿತ್ರ ನೋಡಿ ಉಗಿಬಂಡಿ ಕಾಲದ ಫಲಕ ಎನ್ನುವವರಿದ್ದಾರೆ. ಡೀಸೆಲ್ ಬಂದು ಎಷ್ಟೋ ಕಾಲವಾದರೂ ಚಿತ್ರ ಬದಲಾಗಿಲ್ಲ. ಕೆಳಗಿನ ಪಟ್ಟಿಯಲ್ಲಿ ಎರಡು ಗೆರೆಯಿದ್ದರೆ 200 ಮೀಟರ್ ದೂರದ್ದು, ಒಂದೇ ಇದ್ದರೆ 50ರಿಂದ 100 ಮೀಟರ್ ದೂರದ್ದು. ಹಳದಿ ಚೌಕದಲ್ಲಿ ಕಪ್ಪಾಗಿ ‘ಡಬ್ಲ್ಯೂ/ಎಲ್’, ‘ಸೀ/ಫಾ’ ಎಂದಿರುವುದು ಚಾಲಕನಿಗೆ, ಗೇಟು ಬರುತ್ತಿದೆ ಸೀಟಿ ಹೊಡಿ ಎಂದು. ಅದು ನಿಲ್ಲುವುದು ಗೇಟಿಗಿಂತ 600 ಮೀಟರ್ ಮೊದಲು, ಹಾಗಾಗಿ ಅದು ಸಿಕ್ಕ ಜಾಗದಲ್ಲೇ ಗೇಟಿನ ಕುರುಹು ಹುಡುಕಿದರೆ ಸಿಗದು. ಬ್ರಾಡ್ ಗೇಜಿನ ಕಾವಲಿಲ್ಲದ ಕ್ರಾಸಿಂಗ್‌ಗಳನ್ನು 2019ರ ಜನವರಿಯೊಳಗೆ ತೆಗೆದುಹಾಕಿದ್ದರಿಂದ ಎಂಜಿನ್ ಚಿತ್ರದವು ಈಗ ಗುಜರಿಯಲ್ಲಿ ಹೆಚ್ಚು ಕಾಣುತ್ತವೆ. ಅವು ಹಳೆಯವೇ ಆಗಿರಬೇಕೆಂದಿಲ್ಲ.

ತೋರಣಗಲ್ಲು, ಸಂಡೂರು ಕಡೆಯ ಫಲಕಕ್ಕೆ ಒಂದು ವಿಶೇಷ ತೊಂದರೆ: ಅದಿರಿನ ಕೆಂಧೂಳು ನೋಡಲು ತುಕ್ಕಿನಂತೆಯೇ ಇರುತ್ತದೆ. ಸೋಪಿನ ನೀರು, ಮೆದು ಬ್ರಷ್ಷು ಸಾಕು. ಧೂಳು ಹೋಗುತ್ತದೆ, ತುಕ್ಕಿನ ಗುಳಿ ಉಳಿಯುತ್ತದೆ. ತಂತಿ ಬ್ರಷ್ಷು, ಆಸಿಡ್ ಬೇಡವೇ ಬೇಡ. ಎನಾಮೆಲ್ (ಕಬ್ಬಿಣದ ಮೇಲೆ ಸುಟ್ಟು ಕೂರಿಸಿದ ಗಾಜಿನಂಥ ಲೇಪ) ಹೊಳಪು ಒಮ್ಮೆ ಮಸುಕಾದರೆ ಮತ್ತೆ ಬಾರದು. ನಿಜವಾದ ಎನಾಮೆಲ್ ಚಕ್ಕೆ ಎದ್ದ ಕಡೆ ಬಣ್ಣದ ಕೆಳಗೆ ಬಿಳಿ, ಅದರ ಕೆಳಗೆ ಕಡುನೀಲಿ ಅಥವಾ ಕಪ್ಪು ಪದರ, ಆಮೇಲೆ ಕಬ್ಬಿಣ ಕಾಣುತ್ತದೆ. ಪೇಂಟಿನ ನಕಲಿನಲ್ಲಿ ಬಣ್ಣ ಉಗುರಿಗೆ ಸಿಪ್ಪೆಯಂತೆ ಏಳುತ್ತದೆ, ತುಕ್ಕು ಎಲ್ಲೆಡೆ ಒಂದೇ ಸಮ; ಹೊರಗೆ ನಿಂತ ಫಲಕದ ತುಕ್ಕು ಬೋಲ್ಟಿನ ತೂತಿನಿಂದ ಕೆಳಕ್ಕೆ ಇಳಿದಿರುತ್ತದೆ. ಬೋಲ್ಟು ಬಿಚ್ಚಲು ಸಿಕ್ಕರೆ ಥ್ರೆಡ್ ಗೇಜ್ (ಮರೆಯ ಸುತ್ತು ಅಳೆಯುವ ಸಾಧನ) ಹಿಡಿಯಿರಿ. ಹಳೆಯ ಬ್ರಿಟಿಷ್ ಅಳತೆಯಾದ ಅರ್ಧ ಇಂಚಿನ ವಿಟ್‌ವರ್ತ್‌ಗೆ ಇಂಚಿಗೆ 12 ಸುತ್ತು, ಈಚಿನ ಮೆಟ್ರಿಕ್ ಬೋಲ್ಟಾದ ಎಂ12ಕ್ಕೆ ಸುತ್ತಿನ ಅಂತರ 1.75 ಮಿ.ಮೀ. ಹಳೇ ಫಲಕಕ್ಕೆ ಹೊಸ ಬೋಲ್ಟು ಇರಬಹುದು, ಅದು ದೋಷವಲ್ಲ. ಆದರೆ ತೂತಿನ ಅಂಚು ಹೊಳೆಯುತ್ತಿದ್ದರೆ ಯಾರೋ ಈಚೆಗೆ ಕೊರೆದಿದ್ದಾರೆ.

ರೈಲ್ವೆ ಹರಾಜಿನ ಕಾಗದ ಇಲ್ಲದ ಫಲಕವನ್ನು ಎಷ್ಟು ಹಳೆಯದಾದರೂ ನಾನು ಕೊಳ್ಳುವುದಿಲ್ಲ. ರೈಲ್ವೆ ಆಸ್ತಿಯನ್ನು ಅಕ್ರಮವಾಗಿ ಇಟ್ಟುಕೊಳ್ಳುವುದು 1966ರ ಕಾಯ್ದೆಯಡಿ ಅಪರಾಧ. ಅಳತೆ, ಉಜ್ಜಿದ ಅಚ್ಚು, ಫೋಟೊ ಇಷ್ಟು ತೆಗೆದುಕೊಂಡು ಫಲಕವನ್ನು ಅಲ್ಲೇ ಬಿಟ್ಟು ಬರುತ್ತೇನೆ.