ಮೊಳೆ ಅಡ್ಡ ಬಂದರೂ ಗುಂಡು ಅದೇ ಎತ್ತರಕ್ಕೆ

ಒಂಬತ್ತನೇ ತರಗತಿಗೆ ಕೆಲಸ ಮತ್ತು ಶಕ್ತಿಯ ಪಾಠ ಬಂದಾಗ ನಾನು ಲೋಲಕವನ್ನು ಬೋರ್ಡಿನ ಮುಂದೆಯೇ ಕಟ್ಟುತ್ತೇನೆ. ದಾರ 1 ಮೀಟರ್. ಗುಂಡು 200 ಗ್ರಾಂನದು, ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯಾ ಎಂದು ನೋಡಲು ಇಳಿಬಿಡುವಂಥದ್ದು. ಬೋರ್ಡಿಗೆ ಉಜ್ಜದಂತೆ ಎರಡು ಬೆರಳು ಮುಂದಕ್ಕಿರಬೇಕು. ಹೊಲಿಗೆ ದಾರ ಬೇಡ, ಹುರಿ ಬಿಚ್ಚಿಕೊಂಡು ಗುಂಡು ಗಿರಗಿರ ತಿರುಗುತ್ತದೆ. ಗಾಳದ ನೈಲಾನ್ ದಾರ ಒಳ್ಳೆಯದು.

ದಾರ ಬಿಗಿಯಾಗಿಟ್ಟು ಗುಂಡನ್ನು ಪಕ್ಕಕ್ಕೆ 60 ಸೆಂ.ಮೀ. ಎಳೆದರೆ ಅದು ಸರಿಯಾಗಿ 20 ಸೆಂ.ಮೀ. ಮೇಲೇರುತ್ತದೆ. ಆ ಮಟ್ಟಕ್ಕೆ ಬೋರ್ಡಿನ ಉದ್ದಕ್ಕೂ ಒಂದು ಗೆರೆ ಹಾಕುತ್ತೇನೆ. ಎತ್ತುವಾಗ ಎಷ್ಟು ಕೆಲಸ ಆಯಿತು? ಬಲವನ್ನು ಅದರ ನೇರಕ್ಕೆ ಸರಿದ ದೂರದಿಂದ ಗುಣಿಸಿದರೆ ಕೆಲಸ. ಗುಂಡಿನ ತೂಕ 1.96 ನ್ಯೂಟನ್. ತುಂಬಾ ಮಕ್ಕಳು ಅದನ್ನು ಗುಂಡು ಸಾಗಿದ ಕಮಾನಿನ ಉದ್ದದಿಂದ, ಸುಮಾರು 64 ಸೆಂ.ಮೀ.ನಿಂದ, ಗುಣಿಸುತ್ತಾರೆ. "ಸರ್, ಅಷ್ಟು ದೂರ ಹೋಯ್ತಲ್ವಾ?" ಹೋಯಿತು ನಿಜ. ಆದರೆ ತೂಕ ಎಳೆಯುವುದು ನೇರ ಕೆಳಕ್ಕೆ. ಹಾಗಾಗಿ ಮೇಲೇರಿದ 20 ಸೆಂ.ಮೀ. ಮಾತ್ರ ಲೆಕ್ಕಕ್ಕೆ ಬರುತ್ತದೆ: 0.39 ಜೌಲ್. ಎತ್ತರದಲ್ಲಿರುವ ಗುಂಡಿನಲ್ಲಿ ಅಷ್ಟು ಶಕ್ತಿ ಕೂಡಿರುತ್ತದೆ, ಅದೇ ಅದರ ಪ್ರಚ್ಛನ್ನ ಶಕ್ತಿ.

ದಾರವೂ ಎಳೆಯುತ್ತದಲ್ಲ, ಅದರ ಕೆಲಸ ಎಷ್ಟು? ಸೊನ್ನೆ. ದಾರದ ಎಳೆತಕ್ಕೆ ಗುಂಡಿನ ಚಲನೆ ಯಾವಾಗಲೂ ಲಂಬ. ಬಾಯಲ್ಲಿ ಹೇಳಿದರೆ ಇದು ಯಾರಿಗೂ ನಾಟಲ್ಲ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ಮಾಡಿ ತೋರಿಸಬೇಕು. ದಾರ ಕಟ್ಟಿದ ಜಾಗದಿಂದ ನೇರ 40 ಸೆಂ.ಮೀ. ಕೆಳಗೆ ಬೋರ್ಡಿಗೆ ಒಂದು ಉದ್ದ ಮೊಳೆ ಹೊಡೆಯುತ್ತೇನೆ. ಬಿಡುವ ಮೊದಲು ಎಲ್ಲರಿಂದ ಊಹೆ ಬರೆಸುತ್ತೇನೆ. ದಾರ ಗಿಡ್ಡ ಆಗುತ್ತದೆ, ಅರ್ಧಕ್ಕೇ ನಿಲ್ಲುತ್ತದೆ ಅನ್ನುವವರೇ ಜಾಸ್ತಿ.

ಗುಂಡು ತಳದಲ್ಲಿ ಸೆಕೆಂಡಿಗೆ ಸುಮಾರು 2 ಮೀಟರ್ ವೇಗದಲ್ಲಿ ಹಾಯುತ್ತದೆ. ದಾರ ಮೊಳೆಗೆ ಬಡಿದು ಮಡಚುತ್ತದೆ. ಗುಂಡು ಆ ಕಡೆ 45 ಸೆಂ.ಮೀ. ಅಷ್ಟೇ ಸರಿಯುತ್ತದೆ, ಆದರೂ ಏರಿ ಏರಿ ಗೆರೆಯನ್ನೇ ಮುಟ್ಟುತ್ತದೆ! ಮೊಳೆ ದಾರವನ್ನು ಒತ್ತಿತು, ಆದರೆ ಅಲುಗಲಿಲ್ಲ, ಕೆಲಸ ಮಾಡಲಿಲ್ಲ.

ಮೊಳೆಯನ್ನು ತಳದಲ್ಲಿರುವ ಗುಂಡಿಗಿಂತ ಬರೀ 5 ಸೆಂ.ಮೀ. ಮೇಲಿರುವಂತೆ ಹೊಡೆದರೆ ಇನ್ನೂ ಚೆನ್ನ. ಗೆರೆ ಮುಟ್ಟಲು ದಾರ ಸಾಲದು, ಶಕ್ತಿ ಉಳಿದಿರುತ್ತದೆ. ಗುಂಡು ಮೊಳೆಯನ್ನೇ ಸುತ್ತಿಕೊಂಡುಬಿಡುತ್ತದೆ.

ಕಣ್ಣು ಚುರುಕಿನ ಮಕ್ಕಳು ಗುಂಡು ಗೆರೆಗಿಂತ ಒಂದಿಷ್ಟು ಕೆಳಗೇ ನಿಂತದ್ದನ್ನು ಹಿಡಿಯುತ್ತಾರೆ. ಅದನ್ನು ಮುಚ್ಚಿಡಬಾರದು, ಸ್ಕೇಲ್ ಕೊಟ್ಟು ಅಳೆಸಬೇಕು. 1 ಸೆಂ.ಮೀ. ಕಡಿಮೆಯಾದರೆ ಸುಮಾರು 0.02 ಜೌಲ್ ಗಾಳಿಗೆ, ದಾರದ ಉಜ್ಜಾಟಕ್ಕೆ ಹೋಯಿತು ಅಂತ ಅವರೇ ಲೆಕ್ಕ ಹಾಕಿ ಹೇಳುತ್ತಾರೆ.