ಪ್ಯಾಕೆಟ್ ತಿರುಗಿಸಿ, ನೀರು ಹಿಂಡಿ, ಆಮೇಲೆ ದುಡ್ಡು ಕೊಡಿ

ಡೊಂಬಿವಲಿ ಸ್ಟೇಷನ್ನಿನಿಂದ ನಮ್ಮ ಮನೆಗೆ ಹೋಗುವ ದಾರಿಯಲ್ಲಿ ಸಾಕುಪ್ರಾಣಿಗಳ ಸಾಮಾನಿನ ಪುಟ್ಟ ಅಂಗಡಿಯೊಂದಿದೆ. ಒಳಗೆ ಇಬ್ಬರು ನಿಂತರೆ ಮೂರನೆಯವರು ಫುಟ್‌ಪಾತಿನಲ್ಲೇ ಕಾಯಬೇಕು. ನೆಲದಿಂದ ಸೂರಿನವರೆಗೆ ನಾಯಿ ಆಹಾರದ ಪ್ಯಾಕೆಟ್ಟುಗಳು. ಒಂದೊಂದರ ಮೇಲೂ ಮೈ ಮಿರುಗುವ ನಾಯಿ, ಪಕ್ಕದಲ್ಲಿ ಹುರಿದ ಕೋಳಿಕಾಲು, ಕ್ಯಾರೆಟ್, ಬಟಾಣಿ. ಕಾರ್ಕಳದಿಂದ ಬಂದಿದ್ದ ಅಮ್ಮ ಇದನ್ನು ಮೊದಲ ಸಲ ನೋಡಿ, "ಇದು ನಾಯಿಗಾ ಮಾರಾಯ, ನೆಂಟರಿಗಾ?" ಎಂದರು. ಊರಿನ ಮನೆಯ ನಾಯಿ ಉಂಡದ್ದು ಕುಚ್ಚಲಕ್ಕಿ ಅನ್ನ, ಬಂಗುಡೆ ತಲೆ.

ಅಮ್ಮ ಕೇಳಿದ್ದರಲ್ಲಿ ತಪ್ಪೇನಿಲ್ಲ. ಮುಂಭಾಗದ ಚಿತ್ರ ಇರುವುದೇ ಕೊಳ್ಳುವವರಿಗಾಗಿ. ತಿನ್ನುವವನಿಗೆ ಸಂಬಂಧಿಸಿದ್ದೆಲ್ಲ ಹಿಂಭಾಗದಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿದೆ. ಫೋನಿನಲ್ಲಿ ಅದರ ಫೋಟೊ ತೆಗೆದು ದೊಡ್ಡದು ಮಾಡಿಕೊಳ್ಳಿ. ಇನ್ನು ಬೇಕಾದದ್ದು ಐದನೇ ಕ್ಲಾಸಿನ ಲೆಕ್ಕ ಮಾತ್ರ.

ಹಸಿ ಬಂಗುಡೆಯೋ ಒಣ ಬಂಗುಡೆಯೋ

ಮೊದಲು ಪದಾರ್ಥಗಳ ಪಟ್ಟಿ ಹುಡುಕಿ. ಹೆಚ್ಚು ತೂಕದ್ದು ಮೊದಲು, ಕಡಿಮೆ ತೂಕದ್ದು ಕೊನೆಗೆ ಎಂಬ ಕ್ರಮದಲ್ಲಿ ಅದನ್ನು ಬರೆದಿರುತ್ತಾರೆ. ಹಾಗಾದರೆ ಮೊದಲ ಹೆಸರು ‘ಚಿಕನ್’ ಎಂದಿದ್ದರೆ ಒಳ್ಳೆಯ ಮಾಲು ತಾನೇ? ನಾನೂ ವರ್ಷಗಟ್ಟಲೆ ಹಾಗೆಂದೇ ನಂಬಿದ್ದೆ.

ಆ ತೂಕ ಬೇಯಿಸುವ ಮೊದಲಿನದು, ನೀರು ಸಮೇತ. ಹಸಿ ಕೋಳಿಯಲ್ಲಿ ಸುಮಾರು ಶೇ 70ರಷ್ಟು ನೀರಿರುತ್ತದೆ. ಮಾರುಕಟ್ಟೆಯಿಂದ ತಂದ ಹಸಿ ಬಂಗುಡೆ ಬಿಸಿಲಿಗೆ ಒಣಗಿದ ಮೇಲೆ ಎಷ್ಟು ಉಳಿಯುತ್ತದೆಂದು ಕರಾವಳಿಯವರಿಗೆ ಹೇಳಿಕೊಡಬೇಕಿಲ್ಲ. ಕಾರ್ಖಾನೆಯಲ್ಲಿ ನಾಯಿ ಆಹಾರದ ಕಾಳು ಬೆಂದು ಒಣಗುವಾಗ ಕೋಳಿಯ ಗತಿಯೂ ಅದೇ. ಆದರೆ ಅಕ್ಕಿ, ಜೋಳ ಮೊದಲೇ ಒಣಗಿದ ಪದಾರ್ಥಗಳು, ಅವು ಅಷ್ಟಾಗಿ ಕುಗ್ಗುವುದಿಲ್ಲ.

‘ಚಿಕನ್ ಮೀಲ್’ ಎಂಬುದನ್ನು ಕಂಡು ಮೂಗು ಮುರಿಯುವವರು ಬಹಳ. ಅದು ಕೋಳಿಯ ಒಣಮೀನು ಅಷ್ಟೇ: ನೀರು, ಕೊಬ್ಬು ತೆಗೆದು ಪುಡಿ ಮಾಡಿದ್ದು, ಸುಮಾರು ಶೇ 65ರಷ್ಟು ಪ್ರೋಟೀನ್ ಇರುವಂಥದ್ದು. ಮೂರನೆಯ ಸ್ಥಾನದ ಚಿಕನ್ ಮೀಲ್ ಮೊದಲ ಸ್ಥಾನದ ಹಸಿ ಚಿಕನ್‌ಗಿಂತ ಹೆಚ್ಚು ಮಾಂಸ ಕೊಡಬಹುದು. ಅದರ ಗುಣಮಟ್ಟ ಕಾರ್ಖಾನೆಯಿಂದ ಕಾರ್ಖಾನೆಗೆ ಬದಲಾಗುತ್ತದೆ, ಅದನ್ನು ಪಟ್ಟಿ ಹೇಳುವುದಿಲ್ಲ. ಅದರ ಮಾತು ಕೊನೆಗೆ.

ಒಂದೇ ಮನೆಯ ನಾಲ್ಕು ಹೆಸರು

ಈಗ ಪಟ್ಟಿಯಲ್ಲಿ ಒಂದೇ ಧಾನ್ಯ ವೇಷ ಬದಲಿಸಿ ಎಷ್ಟು ಸಲ ಬಂದಿದೆ ಎಣಿಸಿ. ಲೆಕ್ಕಕ್ಕೆಂದು ಒಂದು ಪಟ್ಟಿ ನಾವೇ ಮಾಡೋಣ: ಚಿಕನ್ 20 ಕೆ.ಜಿ., ನುಚ್ಚಕ್ಕಿ 16, ಮೆಕ್ಕೆಜೋಳ 15, ಮೆಕ್ಕೆಜೋಳದ ಗ್ಲುಟೆನ್ (ಅದರ ಪ್ರೋಟೀನ್ ಭಾಗ) 12, ಅಕ್ಕಿ ತೌಡು 10. ಓದುವಾಗ ಚಿಕನ್ನೇ ಯಜಮಾನ. ಅಕ್ಕಿಯ ಎರಡನ್ನು ಕೂಡಿಸಿ, 26 ಆಯಿತು. ಜೋಳದ ಎರಡು ಕೂಡಿದರೆ 27. ಚಿಕನ್‌ನಿಂದ ನೀರು ಹಿಂಡಿದರೆ ಉಳಿಯುವುದು 6 ಕೆ.ಜಿ. ಮಾತ್ರ. ಯಜಮಾನ ಜಗಲಿಗೆ ಬಂದ!

ಹಾಗೆಂದು ಧಾನ್ಯವನ್ನು ಬೈಯಬೇಡಿ. ನಮ್ಮೂರ ನಾಯಿಗಳು ಅನ್ನ ಅರಗಿಸಿಕೊಂಡಿದ್ದು ಸುಮ್ಮನೆ ಅಲ್ಲ. ಪಿಷ್ಟ ಕರಗಿಸುವ ಕಿಣ್ವದ ಜೀನ್ ತೋಳಗಳಿಗಿಂತ ನಾಯಿಗಳಲ್ಲಿ ಹಲವು ಪಟ್ಟು ಹೆಚ್ಚು ಪ್ರತಿಗಳಲ್ಲಿದೆ ಎಂದು 2013ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ‘ಗ್ರೇನ್ ಫ್ರೀ’ ಎಂದು ದುಪ್ಪಟ್ಟು ದುಡ್ಡು ಕೇಳುವ ಪ್ಯಾಕೆಟ್ಟಿನಲ್ಲಿ ಅಕ್ಕಿಯ ಜಾಗಕ್ಕೆ ಸಾಮಾನ್ಯವಾಗಿ ಬಟಾಣಿಯೋ ಆಲೂಗಡ್ಡೆಯೋ ಬಂದಿರುತ್ತದೆ. ಬೇಳೆ, ಬಟಾಣಿ ಹೆಚ್ಚಿದ್ದ ಇಂಥ ಆಹಾರಕ್ಕೂ ನಾಯಿಗಳ ಒಂದು ಬಗೆಯ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2018ರಲ್ಲಿ ವಿಚಾರಣೆ ಶುರು ಮಾಡಿತು. ಕಾರಣ ಇದೇ ಎಂದು ಅದು ಖಚಿತವಾಗಿ ಹೇಳಿಲ್ಲ. ನಾನಂತೂ ಆ ಹೆಚ್ಚಿನ ದುಡ್ಡು ಕೊಡುವುದಿಲ್ಲ.

ಉಪ್ಪು ಎಲ್ಲಿದೆ?

ಪಟ್ಟಿಯಲ್ಲಿ ಉಪ್ಪನ್ನು ಹುಡುಕಿ ಅಲ್ಲೊಂದು ಗೆರೆ ಎಳೆಯಿರಿ. ಒಣ ಕಾಳಿನಲ್ಲಿ ಉಪ್ಪಿನ ಪಾಲು ಸಾಮಾನ್ಯವಾಗಿ ಶೇ 1ರ ಆಸುಪಾಸು. ಅದರ ಕೆಳಗಿರುವ ಬ್ಲೂಬೆರಿ, ಪಾಲಕ್, ಅರಿಸಿನ ಎಲ್ಲ ಚಿಟಿಕೆ ಲೆಕ್ಕ. ಮುಂಭಾಗದ ಚಿತ್ರದಲ್ಲಿ ಬುಟ್ಟಿಗಟ್ಟಲೆ ಸುರಿದಿರುವುದು ಇವನ್ನೇ.

ಗೆರೆಯ ಮೇಲಿನವುಗಳಿಗೆ ಹೆಸರಿದೆಯೇ ನೋಡಿ. ‘ಚಿಕನ್ ಲಿವರ್’, ‘ಚಿಕನ್ ಫ್ಯಾಟ್’ ಎಂದಿದ್ದರೆ ಸರಿ. ‘ಮೀಟ್ ಆ್ಯಂಡ್ ಮೀಟ್ ಬೈ-ಪ್ರಾಡಕ್ಟ್ಸ್’ ಎಂದಷ್ಟೇ ಇದ್ದರೆ ಯಾವ ಪ್ರಾಣಿ ಎಂದು ಕೇಳಬೇಕಾಗುತ್ತದೆ. ಬೈ-ಪ್ರಾಡಕ್ಟ್ ಎಂಬ ಮಾತಿಗೆ ಹೆದರುವುದು ಬೇಡ. ಲಿವರ್, ಹೃದಯ, ಕಿಡ್ನಿಗಳೂ ಅದರೊಳಗೇ ಬರುತ್ತವೆ, ಕಲೇಜಿಯನ್ನು ನಾವೇ ಚಪ್ಪರಿಸುತ್ತೇವಲ್ಲ. ನನ್ನ ತಕರಾರು ಹೆಸರಿಲ್ಲದ್ದರ ಮೇಲೆ. ನಾಯಿ ಮೈ ಕೆರೆದುಕೊಳ್ಳಲು ಶುರು ಮಾಡಿದ ದಿನ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಯೇ ಏನು ತಿನ್ನುತ್ತಿದೆ ಎಂದು. ಆಗ ‘ಮೀಟ್’ ಎಂದರೆ ಯಾವ ಉಪಯೋಗಕ್ಕೂ ಬಾರದು.

ಬಣ್ಣ ಹಾಕಿದ್ದರೆ ಬಿಡಿ. ನಾಯಿಗೆ ಕಾಣುವುದು ಮುಖ್ಯವಾಗಿ ನೀಲಿ, ಹಳದಿಯ ಛಾಯೆಗಳು. ಕಾಳಿನ ಕೆಂಪು, ಹಸಿರು ನಮ್ಮ ಕಣ್ಣಿಗೆ. ಬಾಯಾಡಿಸಲು ಕೊಡುವ ಟ್ರೀಟ್‌ಗಳಲ್ಲಿ ಕ್ಸೈಲಿಟಾಲ್ ಎಂಬ ಸಿಹಿಯೋ ಈರುಳ್ಳಿ ಪುಡಿಯೋ ಕಂಡರೆ ವಾಪಸ್ ಇಡಿ, ಎರಡೂ ನಾಯಿಗೆ ವಿಷ.

ಅಂಕಿಗಳ ಚೌಕದಲ್ಲೂ ನೀರೇ

ಪಟ್ಟಿಯ ಪಕ್ಕದ ಚೌಕದಲ್ಲಿ ಪ್ರೋಟೀನ್, ಕೊಬ್ಬು ಕನಿಷ್ಠ ಇಷ್ಟು, ನಾರು, ತೇವಾಂಶ ಗರಿಷ್ಠ ಇಷ್ಟು ಎಂದಿರುತ್ತದೆ. ಒಣ ಕಾಳಿನಲ್ಲಿ ಪ್ರೋಟೀನ್ 22, ಗ್ರೇವಿ ಪೌಚ್‌ನಲ್ಲಿ 8 ಎಂದು ಓದಿ ಪೌಚ್ ಕಳಪೆ ಎಂದುಕೊಳ್ಳುವವರಿದ್ದಾರೆ. ಇಲ್ಲೂ ನೀರು ಹಿಂಡಬೇಕು. ನೂರರಲ್ಲಿ ತೇವಾಂಶ ಕಳೆಯಿರಿ, ಉಳಿದದ್ದರಿಂದ ಪ್ರೋಟೀನನ್ನು ಭಾಗಿಸಿ ನೂರರಿಂದ ಗುಣಿಸಿ. ಕಾಳಿನ ತೇವಾಂಶ 10 ಇದ್ದರೆ 22 ಭಾಗಿಸು 90, ಅಂದರೆ ಶೇ 24. ಪೌಚ್‌ನ ತೇವಾಂಶ 80 ಇದ್ದರೆ 8 ಭಾಗಿಸು 20, ಶೇ 40.

ಪೌಚ್ ಗೆದ್ದಿತು ಅನ್ನುವ ಮೊದಲು ಬೆಲೆ ನೋಡಿ. 80 ಗ್ರಾಂ ಪೌಚ್‌ನಲ್ಲಿ 64 ಗ್ರಾಂ ನೀರು, ತಿನ್ನುವ ಪದಾರ್ಥ 16 ಗ್ರಾಂ. ಅದರಿಂದ 100 ಕ್ಯಾಲೊರಿಯೂ ಸಿಗದು. 10 ಕೆ.ಜಿ. ತೂಕದ ಬೆಳೆದ ನಾಯಿಗೆ ದಿನಕ್ಕೆ ಸುಮಾರು 600 ಕ್ಯಾಲೊರಿ ಬೇಕು.

ಪಿಷ್ಟದ ಅಂಕಿ ಚೌಕದಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ. ಪ್ರೋಟೀನ್ 22, ಕೊಬ್ಬು 10, ತೇವಾಂಶ 10, ನಾರು 5, ಬೂದಿಯ ಅಂಶ (ಸುಟ್ಟರೆ ಉಳಿಯುವ ಖನಿಜಗಳು) 8. ಕೂಡಿದರೆ 55, ಉಳಿದ 45 ಪಿಷ್ಟ. ಹತ್ತಿರ ಹತ್ತಿರ ಅರ್ಧ ಪ್ಯಾಕೆಟ್.

ಅಂಕಿಯನ್ನೇ ನಂಬಿ ಕೂರುವಂತೆಯೂ ಇಲ್ಲ. ‘ಕ್ರೂಡ್ ಪ್ರೋಟೀನ್’ ಎಂದರೆ ಸಾರಜನಕ ಅಳೆದು 6.25ರಿಂದ ಗುಣಿಸಿದ್ದು. ಅದು ಕೋಳಿಯಿಂದ ಬಂತೋ ಜೋಳದ ಗ್ಲುಟೆನ್‌ನಿಂದ ಬಂತೋ ಎಂದು ಆ ಅಂಕಿ ಹೇಳದು. 2007ರಲ್ಲಿ ಅಮೆರಿಕದಲ್ಲಿ ಕಿಡ್ನಿ ಕೆಟ್ಟು ನಾಯಿ ಬೆಕ್ಕುಗಳು ಸತ್ತದ್ದಕ್ಕೆ ಚೀನಾದಿಂದ ಬಂದ ಗೋಧಿ ಗ್ಲುಟೆನ್‌ಗೆ ಬೆರೆಸಿದ್ದ ಮೆಲಮೈನ್ ಕಾರಣ. ಪ್ಲಾಸ್ಟಿಕ್ ತಯಾರಿಗೆ ಬಳಸುವ ಆ ರಾಸಾಯನಿಕದಲ್ಲಿ ಸಾರಜನಕ ಹೆಚ್ಚು, ಹಾಗಾಗಿ ಅಳತೆಯಲ್ಲಿ ಪ್ರೋಟೀನ್ ಎಂದೇ ಪಾಸಾಗಿತ್ತು. ಚೌಕವನ್ನೂ ಪಟ್ಟಿಯನ್ನೂ ಒಟ್ಟಿಗೆ ಇಟ್ಟು ಓದಿ ಎನ್ನುವುದು ಇದಕ್ಕೇ.

ಊಟವೋ ಉಪ್ಪಿನಕಾಯಿಯೋ

‘ಕಂಪ್ಲೀಟ್ ಆ್ಯಂಡ್ ಬ್ಯಾಲೆನ್ಸ್‌ಡ್’ ಎಂಬ ಸಾಲು, ಜೊತೆಗೆ ಮರಿಗೋ ದೊಡ್ಡ ನಾಯಿಗೋ ಎಂಬುದು ಇರಬೇಕು. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ಉಪ್ಪಿನಕಾಯಿಯ ಹಾಗೆ, ಊಟದ ಜೊತೆಗೆ ಮಾತ್ರ. ಅಮೆರಿಕದ ಪಶು ಆಹಾರ ನಿಯಂತ್ರಣ ಅಧಿಕಾರಿಗಳ ಆಫ್ಕೋ (AAFCO) ಎಂಬ ಸಂಘದ ಅಳತೆಯಂತೆ ನೀರು ಕಳೆದ ಲೆಕ್ಕದಲ್ಲಿ ದೊಡ್ಡ ನಾಯಿಗೆ ಕನಿಷ್ಠ ಶೇ 18, ಮರಿಗೆ ಶೇ 22.5 ಪ್ರೋಟೀನ್ ಬೇಕು. ಆ ಸಂಘ ಯಾವ ಆಹಾರವನ್ನೂ ಪರೀಕ್ಷಿಸಿ ಮುದ್ರೆ ಒತ್ತುವುದಿಲ್ಲ. ‘ಆಫ್ಕೋ ಅಪ್ರೂವ್ಡ್’ ಎಂದು ಬರೆದಿದ್ದರೆ ಬರೆದವರಿಗೇ ವಿಷಯ ಗೊತ್ತಿಲ್ಲ ಅನ್ನಬೇಕು.

ನಮ್ಮಲ್ಲಿ ಬಿಸ್ಕತ್ತಿಗಿರುವ ಎಫ್‌ಎಸ್‌ಎಸ್‌ಎಐ ಕಾವಲು ನಮ್ಮ ನಾಯಿಗಳ ಊಟಕ್ಕಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ ವ್ಯಾಖ್ಯೆಯಲ್ಲೇ ಪ್ರಾಣಿಗಳ ಆಹಾರವನ್ನು ಹೊರಗಿಟ್ಟಿದ್ದಾರೆ. ಆದರೆ ಪ್ಯಾಕೆಟ್ ಮಾಡಿ ಮಾರುವ ಸಾಮಾನಿನ ಮೇಲೆ ಗ್ರಾಹಕರ ದೂರಿಗೊಂದು ಫೋನ್ ನಂಬರ್ ಇರಲೇಬೇಕು. ಅದಕ್ಕೆ ಫೋನ್ ಮಾಡಿ ಮೂರೇ ಪ್ರಶ್ನೆ ಕೇಳಿ: ಇದರ ಸೂತ್ರ ರೂಪಿಸಿದವರು ಪಶು ಪೋಷಣೆ ಓದಿದವರೇ? ಕಾರ್ಖಾನೆ ನಿಮ್ಮದೇ? ನೂರು ಗ್ರಾಂಗೆ ಕ್ಯಾಲೊರಿ ಎಷ್ಟು? ಪಟ್ಟಿ ಹೇಳದ್ದನ್ನು ಆ ಕಡೆಯವರು ತಡವರಿಸುವ ರೀತಿ ಹೇಳುತ್ತದೆ.

ಮಳೆಗಾಲದ ಮಾತು

ಕಳೆದ ಜುಲೈಯಲ್ಲಿ ಬೇರೊಂದು ಅಂಗಡಿಯಲ್ಲಿ ಬಾಯಿ ಬಿಚ್ಚಿದ ಚೀಲದಿಂದ ಕೆ.ಜಿ. ಲೆಕ್ಕದಲ್ಲಿ ಕಾಳು ತಂದೆ. ಅಗ್ಗ ಎಂಬ ಆಸೆ. ಮನೆಯಲ್ಲಿ ಒಂದು ಕಾಳು ಬೆರಳಲ್ಲಿ ಒತ್ತಿದರೆ ‘ಕಟ್’ ಎಂದು ಮುರಿಯದೆ ಮೆತ್ತಗೆ ಬಗ್ಗಿತು. ಮೂಸಿದರೆ ಹಳೇ ಎಣ್ಣೆಯ ವಾಸನೆ. ನಮ್ಮ ಬೊಗ್ಗ ಮೂಸಿ ನೋಡಿ ತಟ್ಟೆಯ ಪಕ್ಕದಲ್ಲೇ ಮಲಗಿಬಿಟ್ಟ. ಕೊಬ್ಬು ಕಮಟದಂತೆ ರಾಸಾಯನಿಕವಾದ ಬಿಎಚ್‌ಎ ಹಾಕಿರಲಿ, ಟೊಕೊಫೆರಾಲ್ ಎಂಬ ವಿಟಮಿನ್ ಇ ಹಾಕಿರಲಿ, ಮುಂಬೈಯ ಜೂನ್‌ನಿಂದ ಸೆಪ್ಟೆಂಬರಿನ ಗಾಳಿಗೆ ತೆರೆದಿಟ್ಟರೆ ಎರಡೂ ಸೋಲುತ್ತವೆ. ಬಿಡಿಯಾಗಿ ಕೊಳ್ಳಬೇಡಿ. ತಯಾರಾದ ದಿನ ನೋಡಿ, ಆರು ವಾರದಲ್ಲಿ ಮುಗಿಯುವಷ್ಟೇ ದೊಡ್ಡ ಪ್ಯಾಕೆಟ್ ತನ್ನಿ. ಪ್ಯಾಕೆಟ್ ಸಮೇತ ಡಬ್ಬಿಯೊಳಗಿಡಿ, ಹಳೇ ಪುಡಿಯ ಮೇಲೆ ಹೊಸದನ್ನು ಸುರಿಯಬೇಡಿ.

ಹೊಸ ಆಹಾರಕ್ಕೆ ಒಂದೇ ದಿನ ಹಾರುವುದೂ ಬೇಡ. ಮೊದಲ ಎರಡು ಮೂರು ದಿನ ಕಾಲು ಪಾಲು ಹೊಸದು, ಆಮೇಲೆ ಅರ್ಧ, ಮುಕ್ಕಾಲು, ಹೀಗೆ ವಾರ ಹತ್ತು ದಿನ. ಹದಿನೈದನೆಯ ದಿನ ಬೆಳಿಗ್ಗೆ ಸೊಸೈಟಿಯ ಗೇಟಿನಾಚೆ ಪೇಪರ್ ಹಿಡಿದು ಬಗ್ಗಿದಾಗ ಮುಖ ತಿರುಗಿಸದೆ ನೋಡಿ. ಗಟ್ಟಿಯಾಗಿ, ಒಂದೇ ಸಲಕ್ಕೆ ಎತ್ತುವಂತಿದ್ದರೆ ಆಹಾರ ಒಗ್ಗಿದೆ. ರಾಶಿ ದೊಡ್ಡದಾಗಿ ಮೆತ್ತಗಿದ್ದರೆ ದುಡ್ಡಿನ ಒಂದಷ್ಟು ಭಾಗ ಅರಗದೆ ಹಾಗೇ ಹೊರಬಂದಿದೆ. ಎತ್ತಲು ಈ ಪುರವಣಿಯೇ ಆದರೂ ನನ್ನ ಅಭ್ಯಂತರವಿಲ್ಲ.