ಪ್ರಾಸವನ್ನು ಸಾಲಿನ ತಲೆಗೆ ತಂದ ಮೇಲೆ

ಕನ್ನಡದಲ್ಲಿ ರ‍್ಯಾಪ್ ಬರೆಯೋಕೆ ಕೂತರೆ ಮೊದಲು ಎದುರಾಗೋದು ಕ್ರಿಯಾಪದ. ನಮ್ಮ ವಾಕ್ಯ ಸಾಮಾನ್ಯವಾಗಿ ಮುಗಿಯೋದೇ ಅಲ್ಲಿ. ಬರ್ತೀನಿ, ಹೋಗ್ತೀನಿ, ನೋಡ್ತೀನಿ ಅಂತ ಸಾಲು ಮುಗಿಸುತ್ತಾ ಹೋದರೆ ಪ್ರಾಸ ಸುಮ್ನೆ ಬಂದುಬಿಡುತ್ತದೆ. ಎರಡು ಸಾಲು ಕೇಳಿದವರಿಗೆ ಮೂರನೆಯದರ ಕೊನೆ ಗೊತ್ತಾಗಿಬಿಡುತ್ತದೆ. ಅಂಡರ್‌ಗ್ರೌಂಡ್ ಹಿಪ್‌ಹಾಪ್ ಹುಡುಕಿಕೊಂಡು ಬರುವವರಿಗೆ ಬೇಕಾಗಿರೋದು ಊಹೆಗೆ ಸಿಗದ ಸಾಲು. ನಮ್ಮ ಆಲ್ಬಂನ ಕೆಲಸ ಶುರುವಾಗಿದ್ದೇ ಇಲ್ಲಿಂದ.

ದಾರಿ ನಮ್ಮ ಹಳೆಯ ಕಾವ್ಯದಲ್ಲೇ ಇತ್ತು. ದ್ವಿತೀಯಾಕ್ಷರ ಪ್ರಾಸ ಅಂತ ಶಾಲೆಯಲ್ಲಿ ಓದಿರುತ್ತೇವಲ್ವಾ, ಅದೇ. ಪ್ರತಿ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು. ಮೊದಲ ಅಕ್ಷರ ಒಂದು ಸಾಲಲ್ಲಿ ಗುರುವಾದರೆ ಎಲ್ಲ ಸಾಲಲ್ಲೂ ಗುರುವೇ ಆಗಬೇಕು. ಪ್ರಾಸ ಹೀಗೆ ತಲೆಗೆ ಹೋದರೆ ಸಾಲಿನ ಬಾಲಕ್ಕೆ ಬಿಡುಗಡೆ. ಒಂದು ಹಾಡಿನ ಶುರು ಹೀಗಿದೆ:

ಗೋಡೆ ಮೇಲಿನ ಇರುವೆ ಸಾಲಿಗೆ
ಓಡೊ ಆತುರ ಇಲ್ಲ ಗೆಳೆಯಾ
ಕೂಡಿ ಹೊತ್ತಿವೆ ಒಂದು ರೆಕ್ಕೆಯ
ನೋಡು, ಯಾರದೊ ಹಾರೊ ಆಸೆಯ

ನಾಲ್ಕೂ ಕಡೆ ಡಕಾರ. ಇದರ ನಡೆ 3-4-3-4, ಅಂದರೆ ಸಾಲಿಗೆ 14 ಮಾತ್ರೆ. ಕುಮಾರವ್ಯಾಸ ಬಳಸಿದ ಭಾಮಿನಿ ಷಟ್ಪದಿಯ ಚಿಕ್ಕ ಸಾಲಿನ ಅಳತೆಯೂ ಇದೇ. ಹಿಪ್‌ಹಾಪ್‌ನ ಒಂದು ಬಾರ್, ಅಂದರೆ ನಾಲ್ಕು ಹೊಡೆತದ ಒಂದು ಸುತ್ತನ್ನು 16 ಸಣ್ಣ ಭಾಗ ಮಾಡಿ ಮಾತ್ರೆಗೊಂದು ಭಾಗ ಕೊಟ್ಟರೆ ಕೊನೆಗೆ ಎರಡು ಖಾಲಿ ಉಳಿಯುತ್ತವೆ. ಉಸಿರು ಎಳೆದುಕೊಳ್ಳೋಕೆ ಅಷ್ಟು ಸಾಕು. ಇನ್ನೂ ಹತ್ತಿರದಿಂದ ನೋಡಿ. 'ಗೋ' ಕಿಕ್ (ದೊಡ್ಡ ಡ್ರಮ್‌ನ ಗುದ್ದು) ಮೇಲೆ ಬೀಳುತ್ತದೆ. 'ಡೆ' ಅದರ ಮುಂದಿನ ಹೈಹ್ಯಾಟ್ (ತಾಳದಂಥ ಜೋಡಿ ತಟ್ಟೆ) ಮೇಲೆ. 'ಮೇ' ಮಾತ್ರ ಸ್ನೇರ್‌ಗಿಂತ (ಚಟ್ ಅನ್ನೋ ಡ್ರಮ್) ಒಂದು ಭಾಗ ಮೊದಲೇ ಶುರುವಾಗಿ ಸ್ನೇರ್ ದಾಟಿ ಎಳೆಯುತ್ತದೆ. ಮಾತು ಬೀಟನ್ನು ತಳ್ಳಿದ ಹಾಗೆ ಕೇಳಿಸೋದು ಈ ಒಂದು ಅಕ್ಷರದಿಂದ.

ಆ ಎರಡು ಖಾಲಿ ಜಾಗ ಬಿಡದೆ 3-4 ನಡೆಯನ್ನೇ ಎಡೆಬಿಡದೆ ಹಾಕಿದರೆ ಬೇರೆಯದೇ ಆಟ. ಒತ್ತು ಪ್ರತಿ ಬಾರ್‌ನಲ್ಲೂ ಜಾಗ ಬದಲಿಸುತ್ತದೆ. 7 ಬಾರ್ ಕಳೆದ ಮೇಲೆ, ಎಂಟನೆಯದರ ಮೊದಲ ಹೊಡೆತಕ್ಕೆ ಮಾತೂ ಬಾರ್‌ನ ಶುರುವೂ ಮತ್ತೆ ಒಟ್ಟಿಗೆ ಸೇರುತ್ತವೆ. ಆಲ್ಬಂನಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಹಾಡು ಪೂರ್ತಿ ಇದರ ಮೇಲೇ ನಿಂತಿದೆ. ಅದಕ್ಕೆ ಹುಕ್, ಅಂದರೆ ಮತ್ತೆ ಮತ್ತೆ ಬರುವ ಸಾಲು, ಇಲ್ಲ. ಆ ಸೇರುವ ಜಾಗವೇ ಹುಕ್‌ನ ಕೆಲಸ ಮಾಡುತ್ತದೆ.

ಮಾತು ಇಷ್ಟು ಲೆಕ್ಕದ್ದಾದ ಮೇಲೆ ಡ್ರಮ್ಸ್ ಸಡಿಲವಾಗಿರಲೇಬೇಕು ಅನ್ನೋದು ನನ್ನ ಅಭಿಪ್ರಾಯ. ಎರಡೂ ಬಿಗಿಯಾದರೆ ಕವಾಯತು ಕೇಳಿದ ಹಾಗಿರುತ್ತದೆ. ಡ್ರಮ್ಸನ್ನು ಬೇಕೆಂದೇ ಗ್ರಿಡ್‌ನಿಂದ, ಅಂದರೆ ತಾಳದ ಸಮ ಗೆರೆಗಳಿಂದ, ಆಚೀಚೆ ಸರಿಸುವ ಕಲೆಯನ್ನು ಅಮೆರಿಕದ ಹಿಪ್‌ಹಾಪ್ ನಿರ್ಮಾಪಕ ಜೆ ಡಿಲ್ಲಾನ ಬೀಟ್ ಕೇಳಿ ಕಲಿತವರು ನಾವು. ಹಾಗಾಗಿ ಹೊಡೆತಗಳನ್ನು ತಾನಾಗಿಯೇ ಗ್ರಿಡ್‌ಗೆ ಕೂರಿಸುವ ಕ್ವಾಂಟೈಸ್ ಆಫ್ ಮಾಡಿ ಪ್ಯಾಡ್ ಮೇಲೆ ಬೆರಳಿಂದಲೇ ನುಡಿಸಿದೆ. ಹೈಹ್ಯಾಟ್ ಗ್ರಿಡ್ ಮೇಲೆ, ಸ್ನೇರ್ ಕೂದಲೆಳೆಯಷ್ಟು ಮುಂಚೆ, ಕಿಕ್ ಸ್ವಲ್ಪ ತಡವಾಗಿ.

ಸ್ಯಾಂಪಲ್‌ಗೆ, ಅಂದರೆ ಬೀಟ್‌ಗಾಗಿ ಕತ್ತರಿಸಿ ಬಳಸುವ ಸದ್ದಿನ ತುಣುಕಿಗೆ, ನಾವೇ ಒಂದು ಕಟ್ಟುಪಾಡು ಹಾಕಿಕೊಂಡೆವು. 1987ರಲ್ಲಿ ಬಂದ ಎಸ್‌ಪಿ-1200 ಯಂತ್ರದಲ್ಲಿ ಒಟ್ಟು ಸುಮಾರು 10 ಸೆಕೆಂಡ್ ಸದ್ದು ಮಾತ್ರ ಹಿಡಿಸುತ್ತಿತ್ತು, ಒಂದು ತುಣುಕಿಗೆ ಸುಮಾರು 2.5 ಸೆಕೆಂಡ್. ಜಾಗ ಉಳಿಸೋಕೆ ನಿಮಿಷಕ್ಕೆ 33 ಸುತ್ತಿನ ರೆಕಾರ್ಡನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಹಿಡಿದು, ಆಮೇಲೆ ಯಂತ್ರದಲ್ಲಿ ಶ್ರುತಿ ಇಳಿಸುತ್ತಿದ್ದರು. ಆ ಕಾಲದ ಬೀಟ್‌ಗಳ ಧೂಳು ಹಿಡಿದಂಥ ಸದ್ದಿಗೆ ಇದೂ ಒಂದು ಕಾರಣ. ಇವತ್ತಿನ ಕಂಪ್ಯೂಟರ್‌ಗೆ ಆ ಮಿತಿ ಬೇಕಿಲ್ಲ. ಆದರೂ ಹಾಡಿಗೆ ಒಂದೇ 2.5 ಸೆಕೆಂಡ್ ತುಣುಕು ಅಂತ ತೀರ್ಮಾನಿಸಿದೆವು. 96 ಬಿಪಿಎಂನಲ್ಲಿ, ಅಂದರೆ ನಿಮಿಷಕ್ಕೆ 96 ಹೊಡೆತದ ವೇಗದಲ್ಲಿ, ಅದು ಸರಿಯಾಗಿ ಒಂದು ಬಾರ್. ಬೇರೆಯವರ ರೆಕಾರ್ಡ್ ಮುಟ್ಟಲಿಲ್ಲ. ಅನುಮತಿ ಇಲ್ಲದ ಸ್ಯಾಂಪಲ್ ವಿರುದ್ಧ 1991ರಲ್ಲಿ ಅಮೆರಿಕದ ಕೋರ್ಟ್ ತೀರ್ಪು ಕೊಟ್ಟ ಮೇಲೆ ಆ ದಾರಿ ಕೈ ಖಾಲಿ ಇರುವವರದ್ದಲ್ಲ. ಗೆಳೆಯ ಪಿಯಾನೋ ನುಡಿಸಿದ, ನಾನು ಅದನ್ನು ಕತ್ತರಿಸಿ, ಶ್ರುತಿಯನ್ನು ನಾಲ್ಕು ಸೆಮಿಟೋನ್ (ಅರ್ಧ ಸ್ವರ) ಇಳಿಸಿ, ತುಣುಕುಗಳ ಜಾಗ ಬದಲಿಸಿದೆ. ಪೆಡಲ್‌ನ ಕಿರ್ ಸದ್ದನ್ನು ಒರೆಸಲಿಲ್ಲ. ಅದು ಪ್ರತಿ ಸುತ್ತಿನಲ್ಲೂ ಸ್ನೇರ್ ಹಿಂದೆಯೇ ಬರುತ್ತದೆ, ಹಾಡಿನ ಗುರುತೇ ಅದಾಗಿದೆ.

ದನಿಯನ್ನು ಮೇಲೆ ಮೇಲೆ ಪೇರಿಸಲಿಲ್ಲ. ಒಂದೇ ಟೇಕ್, ಮೈಕ್‌ಗೆ ತೀರಾ ಹತ್ತಿರ, ಎಕೋ ಇಲ್ಲ. ಪ್ರಾಸ ಸಾಲಿನ ತಲೆಯಲ್ಲಿರೋದರಿಂದ ಮೊದಲ ಅಕ್ಷರದ ಅಂಚು ಕರಗಿದರೆ ಪದ್ಯವೇ ಮಸುಕಾಗುತ್ತದೆ. ಮಿಕ್ಸ್‌ನಲ್ಲಿ ಜೋರು ಸದ್ದನ್ನು ಅದುಮುವ ಕಂಪ್ರೆಸರ್ ಸ್ವಲ್ಪ ತಡವಾಗಿ ಹಿಡಿಯಲಿ ಅಂತ ಅದರ ಅಟ್ಯಾಕ್ ನಿಧಾನ ಇಟ್ಟಿದ್ದೂ ಅದಕ್ಕೇ. ಕೊನೆಯ ಹಂತದ ಮಾಸ್ಟರಿಂಗ್‌ನಲ್ಲೂ ಹಿಂಡಿ ಜೋರು ಮಾಡಲಿಲ್ಲ. ಸ್ಟ್ರೀಮಿಂಗ್‌ನಲ್ಲಿ ಜೋರು ಹಾಡನ್ನು ಹೇಗೂ ಇಳಿಸಿ ಕೇಳಿಸುತ್ತಾರೆ, ಹಿಂಡಿದ್ದಕ್ಕೆ ಉಳಿಯೋದು ಚಪ್ಪಟೆಯಾದ ಕಿಕ್ ಮಾತ್ರ.